ಥಲಸೀಮಿಯಾ, ಮುಂಬೈಯಲ್ಲಿ

ತಂದೆ ತಾಯಿ ಇಬ್ಬರಿಂದಲೂ ಬಂದಾಗ ಮಾತ್ರ ಮಗುವನ್ನು ತೀವ್ರವಾಗಿ ಕಾಡುವ ರಕ್ತದ ಕಾಯಿಲೆ ಬೀಟಾ ಥಲಸೀಮಿಯಾ. ಭಾರತದಲ್ಲಿ ನೂರಕ್ಕೆ ಸುಮಾರು 3ರಿಂದ 4 ಮಂದಿ ಇದರ ವಾಹಕರು. ಮುಂಬೈ ಮತ್ತು ಉಪನಗರಗಳ ಸಿಂಧಿ, ಲೋಹಾಣಾ, ಕಚ್ಛಿ ಭಾನುಶಾಲಿ ಸಮುದಾಯಗಳಲ್ಲಿ ಈ ಪ್ರಮಾಣ ಇನ್ನೂ ಹೆಚ್ಚು. 1947ರ ವಿಭಜನೆಯ ನಂತರ ಸಿಂಧ್‌ನಿಂದ ಬಂದವರು ಚೆಂಬೂರು, ಉಲ್ಹಾಸನಗರಗಳ ಶಿಬಿರಗಳಲ್ಲಿ ನೆಲೆಯೂರಿದರು. ಸಿಂಧಿ, ಲೋಹಾಣಾ ಮನೆತನಗಳಲ್ಲಿ 619 ಬೇಸ್‌ಗಳಷ್ಟು ಡಿಎನ್‌ಎ ಬಿಟ್ಟುಹೋಗಿರುವ ಒಂದೇ ಬಗೆಯ ದೋಷ ಮತ್ತೆ ಮತ್ತೆ ಕಾಣುತ್ತದೆ. ತಲೆಮಾರುಗಳಿಂದ ತಮ್ಮೊಳಗೇ ಹೆಣ್ಣು ಕೊಟ್ಟು ತಂದ ಬಳಗಗಳಲ್ಲಿ ವಾಹಕರಿಬ್ಬರು ಜೋಡಿಯಾಗುವ ಸಂಭವ ಹೆಚ್ಚು.

ದೋಷವಿರುವುದು 11ನೇ ವರ್ಣತಂತುವಿನ ಬೀಟಾ ಗ್ಲೋಬಿನ್ ವಂಶವಾಹಿಯಲ್ಲಿ. ಎಲ್ಲರಲ್ಲೂ ಇದರ ಎರಡು ಪ್ರತಿಗಳಿರುತ್ತವೆ: ತಾಯಿಯದೊಂದು, ತಂದೆಯದೊಂದು. ಒಂದು ಮಾತ್ರ ಕೆಟ್ಟಿದ್ದವರು ‘ಮೈನರ್’. ತುಸು ರಕ್ತಹೀನತೆ ಬಿಟ್ಟರೆ ಆರೋಗ್ಯವಂತರು. ಕಬ್ಬಿಣದ ಕೊರತೆಯೆಂದೇ ತಿಳಿದು ವರ್ಷಗಟ್ಟಲೆ ಮಾತ್ರೆ ನುಂಗಿದವರೂ ಇವರಲ್ಲಿದ್ದಾರೆ. ಗಂಡಹೆಂಡತಿ ಇಬ್ಬರೂ ಮೈನರ್ ಆದರೆ ಮಗುವಿಗೆ ಎರಡೂ ಕೆಟ್ಟ ಪ್ರತಿಗಳೇ ಬಂದು ‘ಮೇಜರ್’ ಆಗುವ ಸಂಭವ ಶೇ. 25, ಮೈನರ್ ಆಗುವುದು ಶೇ. 50. ಪ್ರತಿ ಬಸಿರಿಗೂ ಈ ಲೆಕ್ಕ ಹೊಸದು. ಮೊದಲ ಮಗುವಿಗೆ ಬಂದಾಯಿತು, ಮುಂದಿನ ಮೂವರು ಕ್ಷೇಮ ಎಂಬ ನಂಬಿಕೆ ಅಪಾಯಕಾರಿ. ಸೊಸೆಯೊಬ್ಬಳನ್ನೇ ದೂರುವುದಂತೂ ಕ್ರೂರ ಅನ್ಯಾಯ, ಒಂದು ಕೆಟ್ಟ ಪ್ರತಿ ಮಗನಿಂದಲೂ ಬಂದಿರಲೇಬೇಕು.

ಮೇಜರ್ ಮಗು ಹುಟ್ಟುವಾಗ ಚೆನ್ನಾಗಿಯೇ ಇರುತ್ತದೆ. ಗರ್ಭದಲ್ಲಿ ಕಾಪಾಡಿದ ಹಿಮೋಗ್ಲೋಬಿನ್ ಕ್ರಮೇಣ ಕಡಿಮೆಯಾದಂತೆ, ಸಾಮಾನ್ಯವಾಗಿ ಆರು ತಿಂಗಳು ಕಳೆದ ಮೇಲೆ, ಮಗು ಬಿಳಿಚಿಕೊಳ್ಳುತ್ತದೆ, ಗುಲ್ಮ ಊದುತ್ತದೆ. ಮುಂದೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಕೊಡಿಸಬೇಕು. ಆ ರಕ್ತದ ಕಬ್ಬಿಣ ಹೃದಯ, ಯಕೃತ್ತಿನಲ್ಲಿ ತುಂಬಿ ಪ್ರಾಣಕ್ಕೇ ಎರವಾಗಬಲ್ಲದು. ಅದನ್ನು ಹೊರಹಾಕಲು ಬಹುಕಾಲ ಇದ್ದ ದಾರಿ, ಪುಟ್ಟ ಪಂಪಿನಿಂದ ರಾತ್ರಿಯಿಡೀ ಚರ್ಮದಡಿ ಹರಿಸುವ ಡೆಸ್ಫೆರಿಯಾಕ್ಸಮಿನ್. ನುಂಗುವ ಔಷಧವಾದ ಡಿಫೆರಿಪ್ರೋನ್ ಮೇಲೆ ಮುಂಬೈಯ ವೈದ್ಯರೂ ಪ್ರಯೋಗ ನಡೆಸಿದರು. ಯೂರೋಪು ಒಪ್ಪಿಗೆ ನೀಡುವ ಮೊದಲೇ, 1990ರ ದಶಕದಲ್ಲಿ, ಇದೇ ನಗರದ ಸಿಪ್ಲಾ ಅದನ್ನು ಮಾರುಕಟ್ಟೆಗೆ ತಂದಿತು. ಸೂಜಿಗೆ ಹೆದರುವ ಮಕ್ಕಳ ಮನೆಗಳಿಗೆ ಇದು ಸಣ್ಣ ಬಿಡುಗಡೆಯಲ್ಲ. ಹೊಂದುವ ದಾನಿ ಸಿಕ್ಕರೆ ಅಸ್ಥಿಮಜ್ಜೆಯ ಕಸಿಯಿಂದ ಕಾಯಿಲೆ ಗುಣವಾಗಬಹುದು.

ಪರೇಲಿನ ಕೆಇಎಂ ಆಸ್ಪತ್ರೆಯ ಆವರಣದ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಇಮ್ಯುನೊಹೆಮಟಾಲಜಿ 1957ರಲ್ಲಿ ರಕ್ತಗುಂಪುಗಳ ಕೇಂದ್ರವಾಗಿ ಆರಂಭವಾಯಿತು. ಮುಂದೆ ಥಲಸೀಮಿಯಾದ ವಾಹಕರ ಪತ್ತೆ ಮತ್ತು ಗರ್ಭಸ್ಥ ಶಿಶುವಿನ ಪರೀಕ್ಷೆಗಳಿಗೂ ಹೆಸರಾಯಿತು. ರಕ್ತದಲ್ಲಿ ಹಿಮೋಗ್ಲೋಬಿನ್ ಎ2 ಪ್ರಮಾಣ ಶೇ. 3.5 ಮೀರಿದ್ದರೆ ವಾಹಕರಿರಬಹುದೆಂಬ ಸೂಚನೆ. ಮದುವೆಗೆ ಮುಂಚೆ ನೋಡಿಸುವುದು ಒಳ್ಳೆಯದು. ಮೈನರ್ ಎಂದು ತಿಳಿದರೆ ಸಂಬಂಧ ಮುರಿಯಬೇಕಿಲ್ಲ. ಇಬ್ಬರೂ ವಾಹಕರಾದರೆ 10ರಿಂದ 12ನೇ ವಾರದಲ್ಲಿ ಗರ್ಭದ ಕೋರಿಯಾನ್ ಅಂಗಾಂಶದ ಚೂರು ತೆಗೆದು ಡಿಎನ್‌ಎ ಪರೀಕ್ಷಿಸಬಹುದು. ಮುಂದಿನ ತೀರ್ಮಾನ ದಂಪತಿಯದು, ವಿಶೇಷವಾಗಿ ಆ ತಾಯಿಯದು.