ಹಲಗೆ ಹಾಕುವ ಕಾಲ

ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ ನಾಡಿನಲ್ಲೂ ನೀರಿಗೆ ಬರವೇ ಎಂದು ಬಯಲುಸೀಮೆಯವರು ಕೇಳಬಹುದು. 2019ರ ಮೇ ತಿಂಗಳಲ್ಲಿ ಸ್ವರ್ಣಾ ನದಿಯ ಬಜೆ ಅಣೆಕಟ್ಟು ಬರಿದಾದಾಗ ಕಡಿಯಾಳಿ, ಮಣಿಪಾಲವೂ ಸೇರಿದ ಉಡುಪಿ ನಗರಸಭೆ ಜನರಿಗೆ ಸರದಿಯ ಮೇಲೆ ನೀರು ಹಂಚಬೇಕಾಯಿತು. ಮರುವರ್ಷ ಸೆಪ್ಟೆಂಬರ್ 20ರಂದು ಅದೇ ಊರಿನ ತಗ್ಗು ಪ್ರದೇಶಗಳು ನೆರೆಯಲ್ಲಿ ಮುಳುಗಿದವು. ಮಳೆಯ ಮೊತ್ತಕ್ಕಿಂತ ಅದು ಬೀಳುವ ಕ್ರಮ ಬದಲಾಗುತ್ತಿರುವುದೇ ಇಂದಿನ ಚಿಂತೆ.

ಆದರೆ ಮಳೆನೀರನ್ನು ಬೇಸಗೆಗೆ ಉಳಿಸುವ ಪ್ರಶ್ನೆ ಇಲ್ಲಿಗೆ ಹೊಸತಲ್ಲ. ಘಟ್ಟದಿಂದ ಕಡಲಿಗೆ ದೂರ ಕಡಿಮೆ. ಮುರಕಲ್ಲಿನ ನೆಲ ಕುಡಿದ ನೀರನ್ನು ಬಹುಕಾಲ ಹಿಡಿದಿಡದು. ಆದ್ದರಿಂದಲೇ ಕಾರ್ಕಳದ ಅರಸರು ಆನೆಕೆರೆಯಂಥ ಕೆರೆ ಕಟ್ಟಿಸಿದರು. ಹಳ್ಳಿಗರು ಏಣೇಲು ಕೊಯ್ಲು ಮುಗಿದೊಡನೆ ತೋಡುಗಳಿಗೆ ಕಲ್ಲು, ಮಣ್ಣು, ಸೊಪ್ಪಿನ 'ಕಟ್ಟ' ಹಾಕಿ ಸುಗ್ಗಿ, ಕೊಳಕೆ ಬೆಳೆ ತೆಗೆದರು. ಬಾವಿಗಳೂ ತುಂಬಿದವು. ಮಳೆಗಾಲದಲ್ಲಿ ಕೊಚ್ಚಿಹೋಗುವ ಕಟ್ಟವನ್ನು ಊರೇ ಸೇರಿ ಪ್ರತಿವರ್ಷ ಮತ್ತೆ ಕಟ್ಟುತ್ತಿತ್ತು.

ಪಂಪುಸೆಟ್ಟು ಬಂತು, ಕೃಷಿಗೆ ಆಳುಗಳು ಸಿಗದಾದರು, ಗದ್ದೆಗಳು ಹಡಿಲು ಬಿದ್ದವು. 1980ರ ದಶಕದಲ್ಲಿ ಸಚಿವ ಅಬ್ದುಲ್ ನಜೀರ್ ಸಾಬ್ ಹಳ್ಳಿಹಳ್ಳಿಗೆ ಕೊಳವೆಬಾವಿ ತೋಡಿಸಿ 'ನೀರ್ ಸಾಬ್' ಎನಿಸಿದರು. ಅದು ಎಷ್ಟೋ ಮನೆಗಳ ದಾಹ ತಣಿಸಿತೆಂಬುದು ನಿಜ. ಆದರೆ ಮುಂದೆ ತೋಟಗಳಿಗೂ ಕೊಳವೆಬಾವಿ ಬಂದು, ನೀರು ಇಂಗಿಸುವ ಕಟ್ಟ ಮೂಲೆಗೆ ಸರಿಯಿತು.

1993ರ ಪಂಚಾಯತ್ ರಾಜ್ ಕಾಯ್ದೆಯಡಿ ಕುಡಿಯುವ ನೀರಿನ ಹೊಣೆ ಗ್ರಾಮ ಪಂಚಾಯತಿನದು. ಹಳೆಯ ಕಟ್ಟದ ಜಾಗಕ್ಕೆ ಸರ್ಕಾರ ಕಾಂಕ್ರೀಟಿನ ಕಿಂಡಿ ಅಣೆಕಟ್ಟುಗಳನ್ನು ತಂದಿತು. ಹರಿವು ಇಳಿದಾಗ ಕಿಂಡಿಗಳಿಗೆ ಎರಡು ಸಾಲು ಹಲಗೆ ಹಾಕಿ, ನಡುವೆ ಮಣ್ಣು ತುಂಬಬೇಕು. ಮಳೆಗೆ ಮುನ್ನ ತೆಗೆಯಬೇಕು. ಬೇಗ ಹಾಕಿದರೆ ಅಕಾಲ ಮಳೆಗೆ ಪಕ್ಕದ ಗದ್ದೆ ಮುಳುಗೀತು. ತಡವಾದರೆ ನಿಲ್ಲಿಸಲು ನೀರೇ ಇರದು. ಕಾಪುವಿನಂಥ ಕಡಲಬದಿಯಲ್ಲಿ ಹಲಗೆ ತಪ್ಪಿದರೆ ಉಬ್ಬರದ ಉಪ್ಪುನೀರು ಒಳನುಗ್ಗಿ ಬಾವಿಗಳನ್ನೂ ಕೆಡಿಸುತ್ತದೆ.

ಮಳೆಯ ಪಂಚಾಂಗವೇ ಅಲುಗಾಡುತ್ತಿರುವಾಗ ಈ ದಿನವನ್ನು ಬೆಂಗಳೂರಿನ ಸುತ್ತೋಲೆ ನಿಗದಿಮಾಡಲಾರದು. ತೋಡಿನ ಹರಿವು ಬಲ್ಲ ಕೃಷಿಕರನ್ನು ಕೂಡಿಸಿಕೊಂಡು ಪಂಚಾಯತೇ ನಿರ್ಧರಿಸಬೇಕು. ಹಲಗೆಗೆ, ಮಣ್ಣಿಗೆ, ಕೂಲಿಗೆ ಪ್ರತಿವರ್ಷವೂ ಹಣ ತೆಗೆದಿಡಬೇಕು. ಹಿಂದಿನ ಕಟ್ಟ ಉಳಿದದ್ದು ಮಣ್ಣಿನ ಬಲದಿಂದಲ್ಲ, ವರ್ಷವರ್ಷವೂ ಕಟ್ಟುವ ಜನರಿಂದ. ಕಾಂಕ್ರೀಟಿಗೂ ಆ ಮಾತು ಸಲ್ಲುತ್ತದೆ.