ಮನೆಗೆ ಬಂದ ಅಂತರಜಾಲ: ಮೂರು ದಶಕಗಳ ಲೆಕ್ಕ

ಜನಗಣತಿಯ ಮನೆಪಟ್ಟಿಯಲ್ಲಿ ಕೇಳುವ ಪ್ರಶ್ನೆಗಳು ಆಯಾ ಕಾಲವನ್ನು ಚೆನ್ನಾಗಿ ತಿಳಿಸುತ್ತವೆ. ಚಾವಣಿ ಯಾವುದು, ದೀಪಕ್ಕೆ ಏನು ಬಳಸುತ್ತೀರಿ, ಕುಡಿಯುವ ನೀರು ಎಲ್ಲಿಂದ ಎಂಬ ಹಳೆಯ ಪ್ರಶ್ನೆಗಳ ಜೊತೆಗೆ 2011ರ ಗಣತಿಯಲ್ಲಿ ಹೊಸದೊಂದು ಸೇರಿತು. ಮನೆಯಲ್ಲಿ ಗಣಕ ಇದೆಯೇ? ಇದ್ದರೆ ಅದಕ್ಕೆ ಅಂತರಜಾಲದ ಸಂಪರ್ಕ ಉಂಟೇ? ಆಗ ದೇಶದಲ್ಲಿದ್ದ ಸುಮಾರು 24.67 ಕೋಟಿ ಕುಟುಂಬಗಳಲ್ಲಿ ಗಣಕ ಇದ್ದದ್ದು ಶೇ. 9.5ರಷ್ಟು ಮನೆಗಳಲ್ಲಿ; ಅಂತರಜಾಲ ಸಂಪರ್ಕವಿರುವ ಗಣಕ ಇದ್ದದ್ದು ಶೇ. 3.1ರಲ್ಲಿ ಮಾತ್ರ. ನಗರಗಳಲ್ಲಿ ಈ ಪ್ರಮಾಣ ಶೇ. 8.3, ಹಳ್ಳಿಗಳಲ್ಲಿ ಶೇ. 0.7. ಎಂದರೆ ಹಳ್ಳಿಗಾಡಿನ ಸಾವಿರ ಮನೆಗಳಲ್ಲಿ ಏಳು.

2025ರ ಮೊದಲ ಮೂರು ತಿಂಗಳಲ್ಲಿ ಕೇಂದ್ರ ಸಾಂಖ್ಯಿಕ ಸಚಿವಾಲಯ ನಡೆಸಿದ ಮಾದರಿ ಸಮೀಕ್ಷೆಯ ಪ್ರಕಾರ ಮನೆಯಲ್ಲಿ ಅಂತರಜಾಲ ಸೌಲಭ್ಯ ಇರುವ ಕುಟುಂಬಗಳು ಶೇ. 86.3. ಹದಿನಾಲ್ಕು ವರ್ಷಗಳಲ್ಲಿ ಮೂರರಿಂದ ಎಂಬತ್ತಾರು! ಈ ಏರಿಕೆ ಹೇಗಾಯಿತು? ಅದಕ್ಕಿಂತ ಮುಖ್ಯವಾಗಿ, ಈ ಎರಡು ಅಂಕಿಗಳು ಒಂದೇ ಪರಿಮಾಣವನ್ನು ಅಳೆಯುತ್ತವೆಯೇ? ಪ್ರಯೋಗಾಲಯದಲ್ಲಿ ನಾವು ವಿದ್ಯಾರ್ಥಿಗಳಿಗೆ ಮೊದಲು ಕೇಳುವ ಪ್ರಶ್ನೆಯನ್ನೇ ಇಲ್ಲಿಯೂ ಕೇಳಬೇಕಾಗುತ್ತದೆ.

ಆರಂಭದ ದಿನಗಳು

ಭಾರತದಲ್ಲಿ ಅಂತರಜಾಲ ಮೊದಲು ಬಂದದ್ದು ಮನೆಗಳಿಗಲ್ಲ, ವಿದ್ಯಾಸಂಸ್ಥೆಗಳಿಗೆ. ಕೇಂದ್ರದ ಎಲೆಕ್ಟ್ರಾನಿಕ್ಸ್ ಇಲಾಖೆ 1986ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವಿನಿಂದ ಅರ್ನೆಟ್ ಎಂಬ ಶೈಕ್ಷಣಿಕ ಜಾಲವನ್ನು ಆರಂಭಿಸಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಐಐಟಿಗಳು ಮತ್ತು ಮುಂಬಯಿಯ ರಾಷ್ಟ್ರೀಯ ತಂತ್ರಾಂಶ ಕೇಂದ್ರ ಇದರಲ್ಲಿ ಭಾಗಿಗಳಾಗಿದ್ದವು.

ಸಾರ್ವಜನಿಕರಿಗೆ ಸೇವೆ ದೊರೆತದ್ದು 1995ರ ಆಗಸ್ಟ್ 15ರಂದು. ವಿದೇಶ ಸಂಚಾರ ನಿಗಮ ಅಂದು ಮುಂಬಯಿ, ದೆಹಲಿ, ಕಲ್ಕತ್ತ ಮತ್ತು ಮದ್ರಾಸುಗಳಲ್ಲಿ ಅಂತರಜಾಲ ಸೇವೆಯನ್ನು ತೆರೆಯಿತು. ಸೆಕೆಂಡಿಗೆ 9.6 ಕಿಲೋಬಿಟ್ ವೇಗದ ಸಂಪರ್ಕಕ್ಕೆ, 250 ಗಂಟೆಗಳ ಬಳಕೆಗೆ, ವ್ಯಕ್ತಿಯೊಬ್ಬರು 5,000 ರೂಪಾಯಿ ಕೊಡಬೇಕಿತ್ತು. ದೂರವಾಣಿ ಕರೆಯ ವೆಚ್ಚ ಬೇರೆ.

ಇದನ್ನು ಇಂದಿನ ಮಾನದಲ್ಲಿ ಲೆಕ್ಕ ಹಾಕಿ ನೋಡೋಣ. ಸೆಕೆಂಡಿಗೆ 9,600 ಬಿಟ್ ಎಂದರೆ 1,200 ಬೈಟ್. ಗಂಟೆಗೆ 3,600 ಸೆಕೆಂಡುಗಳಂತೆ ಒಂದು ಗಂಟೆಯಲ್ಲಿ ಹೆಚ್ಚೆಂದರೆ 4.32 ಮೆಗಾಬೈಟ್ ದತ್ತ ಹರಿಯಬಲ್ಲದು. 250 ಗಂಟೆಗೆ 1,080 ಮೆಗಾಬೈಟ್. ಅಂದರೆ ಒಂದು ಕ್ಷಣವೂ ವ್ಯರ್ಥ ಮಾಡದೆ ಬಳಸಿದರೂ 5,000 ರೂಪಾಯಿಗೆ ಸಿಗುತ್ತಿದ್ದದ್ದು ಸುಮಾರು ಒಂದು ಗಿಗಾಬೈಟ್! ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ ಲೆಕ್ಕದಲ್ಲಿ 2014ರ ಹೊತ್ತಿಗೆ ಮೊಬೈಲ್ ಬಳಕೆದಾರನಿಗೆ ಒಂದು ಗಿಗಾಬೈಟಿನ ಸರಾಸರಿ ವೆಚ್ಚ ಸುಮಾರು 269 ರೂಪಾಯಿ. 2018ರಲ್ಲಿ ಸುಮಾರು 12 ರೂಪಾಯಿ.

ತಾಮ್ರದ ತಂತಿಯ ಮಿತಿ

ಆರಂಭದ ವೇಗ ಅಷ್ಟು ಕಡಿಮೆ ಇದ್ದದ್ದೇಕೆ? ಇದರ ಹಿಂದೆ ಭೌತವಿಜ್ಞಾನವೂ ಇದೆ. ದೂರವಾಣಿ ಜಾಲವನ್ನು ಮನುಷ್ಯನ ಮಾತಿಗಾಗಿ ರೂಪಿಸಲಾಗಿತ್ತು. ಮಾತು ಅರ್ಥವಾಗಲು 300ರಿಂದ 3,400 ಹರ್ಟ್ಸ್‌ವರೆಗಿನ ಆವೃತ್ತಿಗಳು ಸಾಕು; ವಿನಿಮಯ ಕೇಂದ್ರ ಉಳಿದವನ್ನು ಸೋಸಿಬಿಡುತ್ತಿತ್ತು. ಹೀಗಾಗಿ ದೊರೆಯುವ ಪಟ್ಟಿಯ ಅಗಲ ಕೇವಲ 3,100 ಹರ್ಟ್ಸ್. ಇಂಥ ಮಾರ್ಗದಲ್ಲಿ ಎಷ್ಟು ಮಾಹಿತಿ ಕಳಿಸಬಹುದೆಂಬ ಸೂತ್ರವನ್ನು ಕ್ಲಾಡ್ ಶ್ಯಾನನ್ 1948ರಲ್ಲಿ ಕೊಟ್ಟರು. ಸಂಕೇತವು ಗದ್ದಲದ ಸಾವಿರ ಪಟ್ಟು ಪ್ರಬಲವಾಗಿದ್ದರೆ, 1,001ರ ದ್ವಿಮಾನ ಲಾಗರಿತಮ್ ಸುಮಾರು 10. ಅದನ್ನು 3,100ರಿಂದ ಗುಣಿಸಿದರೆ ಸೆಕೆಂಡಿಗೆ ಸುಮಾರು 31 ಕಿಲೋಬಿಟ್. ಮೊಡೆಮನ್ನು ಎಷ್ಟೇ ಜಾಣತನದಿಂದ ರಚಿಸಿದರೂ ಇಂಥ ಮಾರ್ಗದಲ್ಲಿ ಈ ಮಿತಿಯನ್ನು ದಾಟಲಾಗದು. ನಮ್ಮ ಅನೇಕ ಊರುಗಳಲ್ಲಿ ತಂತಿಯ ಗದ್ದಲವೇ ಹೆಚ್ಚಾಗಿದ್ದುದರಿಂದ ಸಿಗುತ್ತಿದ್ದದ್ದು ಅದಕ್ಕಿಂತಲೂ ಕಡಿಮೆ.

ಮುಂದೆ ಬಂದ ಡಿಎಸ್‌ಎಲ್ ತಂತ್ರ ಇದೇ ತಾಮ್ರದ ಜೋಡಿತಂತಿಯಲ್ಲಿ, ಮಾತಿನ ಪಟ್ಟಿಯ ಮೇಲೆ ಸುಮಾರು 1.1 ಮೆಗಾಹರ್ಟ್ಸ್‌ವರೆಗಿನ ಆವೃತ್ತಿಗಳನ್ನು ಬಳಸಿಕೊಂಡಿತು. ಆದರೆ ಆವೃತ್ತಿ ಹೆಚ್ಚಿದಂತೆ, ತಂತಿಯ ಉದ್ದ ಹೆಚ್ಚಿದಂತೆ ಸಂಕೇತ ಕ್ಷೀಣಿಸುತ್ತದೆ. ವಿನಿಮಯ ಕೇಂದ್ರದಿಂದ ಕೆಲವೇ ಕಿಲೋಮೀಟರ್ ಒಳಗಿದ್ದ ಮನೆಗಳಿಗೆ ಮಾತ್ರ ಇದು ಉಪಯುಕ್ತ. ಪೇಟೆಗೆ ಅನುಕೂಲವಾದದ್ದು ತೋಟದ ಮನೆಗೆ ಆಗಲಿಲ್ಲ.

ಅಂಗಡಿಯಲ್ಲಿ ಸಿಕ್ಕ ಅಂತರಜಾಲ

1998ರ ನವೆಂಬರಿನಲ್ಲಿ ಖಾಸಗಿ ಸಂಸ್ಥೆಗಳಿಗೂ ಅಂತರಜಾಲ ಸೇವೆ ನೀಡಲು ಅವಕಾಶವಾಯಿತು. ದರ ಇಳಿಯಿತು. ಆದರೂ ಗಣಕ ಕೊಳ್ಳುವ ಶಕ್ತಿ ಇದ್ದ ಮನೆಗಳು ವಿರಳ. ಆದ್ದರಿಂದ ಮಧ್ಯಮ ವರ್ಗದ ಬಹುಪಾಲು ಜನ ಅಂತರಜಾಲವನ್ನು ಮೊದಲು ಕಂಡದ್ದು ಸೈಬರ್ ಕೆಫೆಗಳಲ್ಲಿ, ಗಂಟೆಯ ಲೆಕ್ಕದಲ್ಲಿ ದುಡ್ಡು ಕೊಟ್ಟು. ಪರೀಕ್ಷಾ ಫಲಿತಾಂಶದ ದಿನ ಈ ಅಂಗಡಿಗಳ ಮುಂದೆ ನೆರೆಯುತ್ತಿದ್ದ ವಿದ್ಯಾರ್ಥಿಗಳ ಗುಂಪನ್ನು ಅನೇಕ ಶಿಕ್ಷಕರು ನೆನಪಿಸಿಕೊಳ್ಳಬಲ್ಲರು. ಹಳ್ಳಿಗಳಿಗಾಗಿ ಐಐಟಿ ಮದ್ರಾಸಿನ ಅಶೋಕ್ ಝುನ್‌ಝುನ್‌ವಾಲಾ ಅವರ ತಂಡ ಕಾರ್‌ಡೆಕ್ಟ್ ಎಂಬ ನಿಸ್ತಂತು ವ್ಯವಸ್ಥೆಯನ್ನು ರೂಪಿಸಿತು. ಸೆಕೆಂಡಿಗೆ 35 ಅಥವಾ 70 ಕಿಲೋಬಿಟ್ ವೇಗ ಕೊಡುತ್ತಿದ್ದ ಇದನ್ನು ಬಳಸಿ ಹಳ್ಳಿಗಳಲ್ಲಿ ಮಾಹಿತಿ ಕೇಂದ್ರಗಳನ್ನು ತೆರೆಯಲಾಯಿತು. ಮನೆಗೊಂದು ಸಂಪರ್ಕ ಅಸಾಧ್ಯವಾದರೆ ಊರಿಗೊಂದಾದರೂ ಇರಲಿ ಎಂಬುದು ಆ ಕಾಲದ ಚಿಂತನೆ.

2004ರ ಬ್ರಾಡ್‌ಬ್ಯಾಂಡ್ ನೀತಿ ಸೆಕೆಂಡಿಗೆ ಕನಿಷ್ಠ 256 ಕಿಲೋಬಿಟ್ ಇದ್ದರೆ ಬ್ರಾಡ್‌ಬ್ಯಾಂಡ್ ಎಂದು ಕರೆದು, 2010ರೊಳಗೆ 2 ಕೋಟಿ ಸಂಪರ್ಕಗಳ ಗುರಿ ಇಟ್ಟಿತು. ಆ ವರ್ಷದ ಕೊನೆಗೆ ಆದದ್ದು ಸುಮಾರು 1.1 ಕೋಟಿ. ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ದೇಶದಲ್ಲಿ ಸ್ಥಿರ ದೂರವಾಣಿಗಳು 2006ರ ಸುಮಾರಿಗೆ 5 ಕೋಟಿಯ ಆಸುಪಾಸು ಮುಟ್ಟಿ, ಅಲ್ಲಿಂದ ಇಳಿಮುಖವಾದವು. ಕೋಟಿಗಟ್ಟಲೆ ಮನೆಗಳಿಗೆ ತಂತಿಯೇ ತಲುಪಲಿಲ್ಲ. ತಲುಪಿದ್ದ ಮನೆಗಳೂ ಮೊಬೈಲ್ ಬಂದ ಮೇಲೆ ಅದನ್ನು ಬಿಟ್ಟುಕೊಟ್ಟವು. ಬ್ರಾಡ್‌ಬ್ಯಾಂಡ್ ಎಂಬುದರ ವ್ಯಾಖ್ಯೆಯೂ ಬದಲಾಗುತ್ತ ಹೋಯಿತು: 2013ರಲ್ಲಿ 512 ಕಿಲೋಬಿಟ್, 2023ರಲ್ಲಿ 2 ಮೆಗಾಬಿಟ್.

ಗಣಕವನ್ನು ಬಿಟ್ಟು ಮುಂದೆ ಹೋದ ಫೋನು

ತಂತಿ ಮಾಡಲಾಗದ ಕೆಲಸವನ್ನು ರೇಡಿಯೋ ತರಂಗಗಳು ಮಾಡಿದವು. 2010ರಲ್ಲಿ ಮೂರನೆಯ ಪೀಳಿಗೆಯ ತರಂಗಗುಚ್ಛದ ಹರಾಜು ನಡೆಯಿತು. 2012ರಲ್ಲಿ ಕೋಲ್ಕತ್ತದಲ್ಲಿ ನಾಲ್ಕನೆಯ ಪೀಳಿಗೆಯ ಸೇವೆ ಆರಂಭವಾಯಿತು. 2016ರ ಸೆಪ್ಟೆಂಬರಿನಲ್ಲಿ ಜಿಯೊ ತಿಂಗಳುಗಟ್ಟಲೆ ಉಚಿತ ದತ್ತ ಕೊಡುತ್ತ ಮಾರುಕಟ್ಟೆಗೆ ಇಳಿದಾಗ ಉಳಿದ ಸಂಸ್ಥೆಗಳೂ ದರ ಇಳಿಸಬೇಕಾಯಿತು.

2017-18ರಲ್ಲಿ ನಡೆದ ರಾಷ್ಟ್ರೀಯ ಮಾದರಿ ಸಮೀಕ್ಷೆಯ 75ನೆಯ ಸುತ್ತಿನ ಅಂಕಿಗಳನ್ನು 2011ರವುಗಳ ಪಕ್ಕದಲ್ಲಿಟ್ಟು ನೋಡಿ. ಅಂತರಜಾಲ ಸೌಲಭ್ಯ ಇರುವ ಕುಟುಂಬಗಳು ಶೇ. 23.8, ಹಳ್ಳಿಗಳಲ್ಲಿ ಶೇ. 14.9, ನಗರಗಳಲ್ಲಿ ಶೇ. 42. ಗಣಕ ಇರುವ ಕುಟುಂಬಗಳು ಮಾತ್ರ ಶೇ. 10.7. ಅಂದರೆ ಏಳು ವರ್ಷಗಳಲ್ಲಿ ಗಣಕದ ಪ್ರಮಾಣ ಹೆಚ್ಚುಕಡಿಮೆ ನಿಂತಲ್ಲೇ ನಿಂತಿತ್ತು. ಬಹುಪಾಲು ಭಾರತೀಯರ ಮನೆಗೆ ಅಂತರಜಾಲ ಬಂದದ್ದು ಗಣಕವಿಲ್ಲದೆ, ಅಂಗೈಯಗಲದ ಪರದೆಯ ಮೂಲಕ.

ಮೇಲೆ ಕೇಳಿದ ಪ್ರಶ್ನೆಗೆ ಉತ್ತರ ಇಲ್ಲಿದೆ. 2011ರ ಗಣತಿ ಎಣಿಸಿದ್ದು ಅಂತರಜಾಲವಿರುವ ಗಣಕಗಳನ್ನು. ನಂತರದ ಸಮೀಕ್ಷೆಗಳು ಎಣಿಸಿದ್ದು ಮೊಬೈಲೂ ಸೇರಿದಂತೆ ಯಾವುದೇ ಸಾಧನದ ಮೂಲಕ ಮನೆಯಲ್ಲಿ ದೊರೆಯುವ ಸಂಪರ್ಕವನ್ನು. ಆದ್ದರಿಂದ 3.1ರಿಂದ 86.3ಕ್ಕೆ ಒಂದು ಗೆರೆ ಎಳೆದು ಅದರ ಇಳಿಜಾರು ಅಳೆಯುವುದು ಸರಿಯಲ್ಲ. ಏರಿಕೆ ನಿಜ, ಅದರ ಒಂದು ಪಾಲು ಅಳತೆಗೋಲು ಬದಲಾದುದರ ಫಲ. 2024ರ ಮಾರ್ಚ್ ಕೊನೆಗೆ ದೇಶದಲ್ಲಿದ್ದ ಸುಮಾರು 95.4 ಕೋಟಿ ಅಂತರಜಾಲ ಚಂದಾದಾರಿಕೆಗಳಲ್ಲಿ ತಂತಿಯ ಮೂಲಕ ಇದ್ದವು ಸುಮಾರು 4 ಕೋಟಿ ಎಂಬುದನ್ನು ಗಮನಿಸಿದರೆ ಇದು ಇನ್ನಷ್ಟು ಸ್ಪಷ್ಟವಾಗುತ್ತದೆ.

ಮನೆಯೊಳಗಿನ ಅಂತರ

ಸಮೀಕ್ಷೆಯ ಘಟಕ ಕುಟುಂಬ. ಮನೆಯಲ್ಲಿ ಒಂದು ಫೋನು ಇದ್ದರೆ ಆ ಮನೆ ಸಂಪರ್ಕವಿರುವ ಮನೆ. ಆದರೆ ಆ ಫೋನು ಯಾರ ಜೇಬಿನಲ್ಲಿದೆ? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ 15ರಿಂದ 49 ವಯಸ್ಸಿನವರನ್ನು ಒಬ್ಬೊಬ್ಬರಾಗಿ ಕೇಳಿತು. ಒಮ್ಮೆಯಾದರೂ ಅಂತರಜಾಲ ಬಳಸಿದ್ದೇನೆ ಎಂದ ಪುರುಷರು ಶೇ. 57.1, ಮಹಿಳೆಯರು ಶೇ. 33.3. ಹಳ್ಳಿಯ ಮಹಿಳೆಯರಲ್ಲಿ ಶೇ. 24.6. ಕರ್ನಾಟಕದಲ್ಲಿ ಪುರುಷರು ಶೇ. 62.4, ಮಹಿಳೆಯರು ಶೇ. 35. ಕುಟುಂಬದ ಲೆಕ್ಕದಲ್ಲಿ ಕಾಣದ ಈ ಅಂತರ ವ್ಯಕ್ತಿಯ ಲೆಕ್ಕದಲ್ಲಿ ಹೊರಬಿತ್ತು.

ಇದರ ಪರಿಣಾಮ ಏನೆಂಬುದು 2020ರಲ್ಲಿ ತಿಳಿಯಿತು. ಕೋವಿಡ್‌ನಿಂದ ಶಾಲೆಗಳು ಮುಚ್ಚಿದಾಗ ಪಾಠ ಫೋನಿಗೆ ಬಂತು. ಗ್ರಾಮೀಣ ಮಕ್ಕಳ ಬಗೆಗಿನ ಅಸರ್ ವರದಿಯ ಪ್ರಕಾರ ಸ್ಮಾರ್ಟ್‌ಫೋನ್ ಇರುವ ಮನೆಗಳ ಮಕ್ಕಳು 2018ರಲ್ಲಿ ಶೇ. 36.5 ಇದ್ದದ್ದು 2020ರಲ್ಲಿ ಶೇ. 61.8ಕ್ಕೆ ಏರಿತ್ತು. ಹಾಗಿದ್ದೂ ಹತ್ತರಲ್ಲಿ ಸುಮಾರು ನಾಲ್ಕು ಮಕ್ಕಳು ಹೊರಗುಳಿದರು. ಫೋನಿದ್ದ ಮನೆಯಲ್ಲೂ ಬೆಳಿಗ್ಗೆ ಅಪ್ಪನ ಜೊತೆ ಕೆಲಸಕ್ಕೆ ಹೊರಟ ಫೋನು ಸಂಜೆಯವರೆಗೆ ಮಗಳ ಕೈಗೆ ಸಿಗುತ್ತಿರಲಿಲ್ಲ. ಇಬ್ಬರು ಮಕ್ಕಳಿದ್ದರೆ ಒಬ್ಬರ ಪಾಠ ತಪ್ಪುತ್ತಿತ್ತು. ಕರ್ನಾಟಕದಲ್ಲಿ ಆ ವರ್ಷ ಶಿಕ್ಷಕರೇ ಮಕ್ಕಳಿದ್ದಲ್ಲಿಗೆ ಹೋಗಿ ಮರದಡಿ, ಗುಡಿಯ ಜಗಲಿಯ ಮೇಲೆ ಪಾಠ ಮಾಡಿದ ವಿದ್ಯಾಗಮ ಕಾರ್ಯಕ್ರಮ ನಡೆದದ್ದು ಈ ಹಿನ್ನೆಲೆಯಲ್ಲೇ.

ಶಿಕ್ಷಕರಿಗೊಂದು ಸಲಹೆ

ಅಂತರಜಾಲ ಇದೆಯೋ ಇಲ್ಲವೋ ಎಂಬ ಒಂದು ಪ್ರಶ್ನೆ ಇಂದು ಸಾಲದು. ನಿಮ್ಮ ತರಗತಿಯಲ್ಲಿ ನಾಲ್ಕು ಪ್ರಶ್ನೆಗಳ ಸಣ್ಣ ಸಮೀಕ್ಷೆ ನಡೆಸಿ. ಮನೆಯಲ್ಲಿ ಅಂತರಜಾಲವಿರುವ ಸಾಧನಗಳು ಎಷ್ಟು? ಅವನ್ನು ಹಂಚಿಕೊಳ್ಳುವವರು ಎಷ್ಟು ಮಂದಿ? ನಿನ್ನೆ ಓದಿಗಾಗಿ ನಿನಗೆ ಎಷ್ಟು ನಿಮಿಷ ಸಿಕ್ಕಿತು? ಬೇಕಾದ ವಿಷಯ ಕನ್ನಡದಲ್ಲಿ ದೊರೆಯಿತೇ? ಉತ್ತರಗಳಲ್ಲಿ ಹೆಸರು ಬೇಡ. ಹುಡುಗರು, ಹುಡುಗಿಯರು ಎಂದಷ್ಟೇ ಪ್ರತ್ಯೇಕಿಸಿ ಸರಾಸರಿ ತೆಗೆಯಿರಿ. ದತ್ತ ಸಂಗ್ರಹ, ವ್ಯಾಖ್ಯೆ, ಸರಾಸರಿಯ ಮಿತಿ ಎಲ್ಲವನ್ನೂ ಮಕ್ಕಳು ಒಂದೇ ಚಟುವಟಿಕೆಯಲ್ಲಿ ಕಲಿಯುತ್ತಾರೆ. ಜೊತೆಗೆ, ಮನೆಪಾಠವನ್ನು ಫೋನಿನಲ್ಲಿ ಕಳಿಸುವ ಮೊದಲು ಅದು ಯಾರಿಗೆ ತಲುಪುತ್ತದೆ, ಯಾರಿಗೆ ತಲುಪುವುದಿಲ್ಲ ಎಂಬುದು ನಿಮಗೆ ತಿಳಿದಿರುತ್ತದೆ.