ಸೋಸುವ ಬಟ್ಟೆಗೆ ಸಿಕ್ಕದ ವಿಷ

ಬೀದರ ಜಿಲ್ಲೆಯ ಇಂದಿನ ಬಸವಕಲ್ಯಾಣವು ಒಂದು ಕಾಲಕ್ಕೆ ಕಲ್ಯಾಣವೆಂಬ ಹೆಸರಿನಿಂದ ಚಾಳುಕ್ಯರ ರಾಜಧಾನಿಯಾಗಿ ಮೆರೆದ ಪಟ್ಟಣ. 11ನೇ ಶತಮಾನದಲ್ಲಿ ಒಂದನೆಯ ಸೋಮೇಶ್ವರನು ಇಲ್ಲಿ ನೆಲೆನಿಂತನು. ಅವನ ಮಗ ಆರನೆಯ ವಿಕ್ರಮಾದಿತ್ಯನು 1076ರಿಂದ 1126ರವರೆಗೆ ಆಳಿದನು. ಹುಮನಾಬಾದ ತಾಲ್ಲೂಕಿನ ಜಲಸಂಗ್ವಿಯ ದೇಗುಲದ ಗೋಡೆಯಲ್ಲಿ ಆ ದೊರೆಯ ಪ್ರಶಸ್ತಿಯನ್ನು ಬರೆಯುತ್ತಿರುವ ಶಿಲಾಬಾಲಿಕೆ ಇಂದಿಗೂ ನಿಂತಿದ್ದಾಳೆ. ಬಸವಕಲ್ಯಾಣದ ಕೋಟೆಯಲ್ಲಿ ರಕ್ಷಿತವಾಗಿರುವ ಜಿನಶಿಲ್ಪಗಳು ಈ ನಾಡಿನಲ್ಲಿ ಜೈನಧರ್ಮವು ಬೇರೂರಿದ್ದುದಕ್ಕೆ ಸಾಕ್ಷಿಯಾಗಿವೆ. ಅರಸರ ಈ ಚರಿತ್ರೆ ಅನೇಕರಿಗೆ ತಿಳಿದದ್ದೇ. ಆದರೆ ಈ ನಾಡಿನ ಕೆರೆ ತೊರೆಗಳಲ್ಲಿ ಬದುಕಿದ ಜೀವಿಗಳ ಚರಿತ್ರೆಯನ್ನು ವಿಚಾರಿಸುವವರು ವಿರಳ.

ಆ ಚರಿತ್ರೆಗೂ ಒಂದು ಆಧಾರವುಂಟು. ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರನು 12ನೇ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದವೆಂಬ ಭಾಗವಿದೆ. ಸಮುದ್ರದ ಹಾಗೂ ಸಿಹಿನೀರಿನ ಸುಮಾರು 35 ಬಗೆಯ ಮೀನುಗಳನ್ನೂ ಅವುಗಳ ಆಹಾರವನ್ನೂ ಅಲ್ಲಿ ವಿವರಿಸಲಾಗಿದೆ. ಮತ್ಸ್ಯಶಾಸ್ತ್ರಜ್ಞ ಸುಂದರಲಾಲ್ ಹೋರಾ ಅವರು 1951ರಲ್ಲಿ ಇದನ್ನು ವಿದ್ವಾಂಸರ ಗಮನಕ್ಕೆ ತಂದರು. ಗಾಳ ಹಾಕುವ ವಿನೋದಕ್ಕಾಗಿ ಬರೆದ ಆ ಪ್ರಕರಣವು ಶ್ರಾವಕನ ಮನಸ್ಸಿಗೆ ಒಪ್ಪುವಂಥದಲ್ಲ. ಆದರೂ ಜಲಚರಗಳನ್ನು ಒಂದೊಂದಾಗಿ ಹೆಸರಿಸುವಷ್ಟು ಜೀವಸಂಪತ್ತು ಅಂದಿನವರ ಕಣ್ಣೆದುರಿಗಿತ್ತೆಂಬುದು ಅದರಿಂದ ವಿದಿತವಾಗುತ್ತದೆ.

ಅದೇ ಶತಮಾನದಲ್ಲಿ ಗುಜರಾತದ ಹೇಮಚಂದ್ರಾಚಾರ್ಯರು ‘ಯೋಗಶಾಸ್ತ್ರ’ದಲ್ಲಿ ಗೃಹಸ್ಥನು ಬಿಡಬೇಕಾದ ಹದಿನೈದು ಜೀವನೋಪಾಯಗಳನ್ನು ಪಟ್ಟಿಮಾಡಿದರು. 13ನೇ ಶತಮಾನದ ದಿಗಂಬರ ಪಂಡಿತ ಆಶಾಧರರ ‘ಸಾಗಾರಧರ್ಮಾಮೃತ’ದಲ್ಲಿಯೂ ಇವು ಖರಕರ್ಮಗಳೆಂಬ ಹೆಸರಿನಿಂದ ಬಂದಿವೆ. ಇವುಗಳಲ್ಲಿ ಎರಡನ್ನು ಇಲ್ಲಿ ವಿಶೇಷವಾಗಿ ಗಮನಿಸಬೇಕು. ಒಂದು, ವಿಷವಾಣಿಜ್ಯ, ಇನ್ನೊಂದು, ಕೆರೆ ಸರೋವರಗಳನ್ನು ಬತ್ತಿಸುವ ಸರಃಶೋಷ. ನೀರು ಬತ್ತಿದರೆ ಅದರೊಳಗಿನ ಜೀವರಾಶಿಯೆಲ್ಲ ನಾಶವಾಗುವುದೆಂಬ ಅರಿವೇ ಈ ಎರಡನೆಯ ನಿಷೇಧಕ್ಕೆ ಕಾರಣ. ಕೆರೆಯನ್ನು ಬತ್ತಿಸದೆ, ತುಂಬಿರುವಾಗಲೇ ನಿರ್ಜೀವಗೊಳಿಸಬಲ್ಲ ಉದ್ಯಮವೊಂದು ಮುಂದೆ ಬರಬಹುದೆಂದು ಅಂದು ಯಾರೂ ಊಹಿಸಿರಲಾರರು. ಇಂದು ವಿಷವಾಣಿಜ್ಯವೂ ಸರಃಶೋಷವೂ ಒಂದೇ ಕೊಳವೆಯಲ್ಲಿ ಕೂಡಿ ಹರಿಯುತ್ತಿವೆ.

ನಮ್ಮ ಮನೆಗಳಲ್ಲಿ ನೀರನ್ನು ಬಟ್ಟೆಯಲ್ಲಿ ಸೋಸಿ ಬಳಸುವ ಸಂಪ್ರದಾಯವಿದೆ. ಸೋಸಿದ ಮೇಲೆ ಬಟ್ಟೆಯಲ್ಲಿ ಉಳಿದ ಜೀವಿಗಳನ್ನು ಅದೇ ಬಾವಿಗೆ ಮೆಲ್ಲನೆ ಮರಳಿ ಬಿಡಬೇಕೆಂಬುದು ಹಿರಿಯರ ವಿಧಿ. ಒಂದು ಬಾವಿಯ ಜೀವಿಯನ್ನು ಇನ್ನೊಂದರಲ್ಲಿ ಬಿಡಬಾರದು, ಏಕೆಂದರೆ ಆ ನೀರು ಅದಕ್ಕೆ ಒಗ್ಗದೆ ಹೋದೀತು. ಜೀವಿಗೂ ಅದರ ನೆಲೆಗೂ ಇರುವ ಸಂಬಂಧವನ್ನು ಅರಿತ ವಿವೇಕವಿದು. ಆದರೆ ನೀರಿನಲ್ಲಿ ಕರಗಿದ ಲವಣ, ದ್ರಾವಕ, ಔಷಧದ ಅಂಶಗಳು ಬಟ್ಟೆಗೆ ಸಿಕ್ಕವು. ನಾವು ದಯೆಯಿಂದ ಮರಳಿ ಬಿಟ್ಟ ಜೀವಿಯು ಆ ವಿಷದಲ್ಲಿಯೇ ಬೀಳುತ್ತದೆ.

ವಿಷವು ಕೆಲಸಮಾಡುವ ರೀತಿಯೂ ಒಂದೇ ಬಗೆಯದಲ್ಲ. ಸಾವಯವ ತ್ಯಾಜ್ಯವು ಕೊಳೆಯುವಾಗ ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಹೀರಿಕೊಳ್ಳುತ್ತದೆ; ಮೀನುಗಳು ಉಸಿರುಕಟ್ಟಿ ಸಾಯುತ್ತವೆ. ಲವಣಾಂಶವು ಹೆಚ್ಚಿದರೆ ಸಿಹಿನೀರಿನ ಕೀಟಗಳೂ ಬಸವನಹುಳುಗಳೂ ಉಳಿಯವು, ಅವುಗಳನ್ನು ತಿನ್ನುವ ಮೀನು, ಕಪ್ಪೆ, ಹಕ್ಕಿಗಳಿಗೂ ಆಹಾರ ತಪ್ಪುತ್ತದೆ. ಹೊಲದ ರಸಗೊಬ್ಬರವು ಮಳೆಯೊಡನೆ ಕೆರೆಗಿಳಿದರೆ ಪಾಚಿ ಹಬ್ಬಿ ನೀರೇ ಕೆಡುತ್ತದೆ. ತೊಗರಿಯ ಕಾಯಿಕೊರಕ ಹುಳುವಿಗೆ ಬಹುಕಾಲ ಸಿಂಪಡಿಸಲಾದ ಎಂಡೋಸಲ್ಫಾನ್ ಮೀನುಗಳಿಗೆ ಅತ್ಯಂತ ಘಾತಕ. ಸರ್ವೋಚ್ಚ ನ್ಯಾಯಾಲಯವು 2011ರಲ್ಲಿ ಅದನ್ನು ದೇಶದಾದ್ಯಂತ ನಿಷೇಧಿಸಿತು.

ಬಸವಕಲ್ಯಾಣ–ಹುಮನಾಬಾದ ಪ್ರದೇಶವು ಎರಡು ಮಹಾನದಿಗಳ ನಡುವಿನ ಎತ್ತರದ ನೆಲ. ಇಲ್ಲಿನ ಒಂದು ಭಾಗದ ನೀರು ಮಾಂಜ್ರಾ ನದಿಯ ಮೂಲಕ ಗೋದಾವರಿಗೆ ಹೋಗುತ್ತದೆ. ಇನ್ನೊಂದು ಭಾಗವು ಮುಲ್ಲಾಮಾರಿಯ ಮೂಲಕ ಕಾಗಿಣಾ ನದಿಯನ್ನು ಸೇರಿ, ಭೀಮೆಯೊಡನೆ ಕೃಷ್ಣೆಗೆ ಸಲ್ಲುತ್ತದೆ. ಅಮೋಘವರ್ಷ ನೃಪತುಂಗನ ರಾಜಧಾನಿಯಾಗಿದ್ದ ಮಳಖೇಡವು ನಿಂತಿರುವುದು ಅದೇ ಕಾಗಿಣಾ ದಂಡೆಯ ಮೇಲೆ. ಆದುದರಿಂದ ಇಲ್ಲಿ ನೆಲಕ್ಕೆ ಸುರಿದ ವಿಷವು ಇಲ್ಲಿಗೇ ಮುಗಿಯುವುದಿಲ್ಲ.

ಮಾಂಜ್ರಾ ನದಿಯು ಬೀದರ ಜಿಲ್ಲೆಯನ್ನು ದಾಟಿದ ಮೇಲೆ ತೆಲಂಗಾಣದಲ್ಲಿ ನಕ್ಕವಾಗು ಎಂಬ ಹಳ್ಳವು ಅದನ್ನು ಕೂಡುತ್ತದೆ. ಪಟಾನ್‌ಚೆರು ಕೈಗಾರಿಕಾ ಪ್ರದೇಶದ ತ್ಯಾಜ್ಯದಿಂದ ಆ ಹಳ್ಳವೂ ಸುತ್ತಲಿನ ಬಾವಿ, ಹೊಲಗಳೂ ಕೆಟ್ಟವು. 1990ರಲ್ಲಿ ವ್ಯಾಜ್ಯವು ಸರ್ವೋಚ್ಚ ನ್ಯಾಯಾಲಯವನ್ನು ಮುಟ್ಟಿತು. 2007ರಲ್ಲಿ ಪ್ರಕಟವಾದ ಸ್ವೀಡನ್ ವಿಜ್ಞಾನಿಗಳ ಅಧ್ಯಯನವು ಅಲ್ಲಿನ ಸಾಮೂಹಿಕ ಸಂಸ್ಕರಣಾ ಘಟಕದಿಂದ ಹೊರಬಂದ ನೀರನ್ನು ಪರೀಕ್ಷಿಸಿತು. ಲೀಟರೊಂದಕ್ಕೆ 31 ಮಿಲಿಗ್ರಾಂವರೆಗೂ ಸಿಪ್ರೊಫ್ಲಾಕ್ಸಾಸಿನ್ ಎಂಬ ಪ್ರತಿಜೀವಕ ಔಷಧವು ಅದರಲ್ಲಿತ್ತು. ಇದು ಕೆಲವು ಸೂಕ್ಷ್ಮಜೀವಿಗಳಿಗೆ ವಿಷವಾಗುವ ಪ್ರಮಾಣದ ಸಾವಿರ ಪಟ್ಟಿಗೂ ಹೆಚ್ಚು. ಗಮನಿಸಿರಿ: ಇದು ಸಂಸ್ಕರಿಸಿದ ಬಳಿಕ ಹೊರಬಿಟ್ಟ ನೀರು! ಇಂಥ ನೀರಿನಲ್ಲಿ ಔಷಧಕ್ಕೆ ಬಗ್ಗದ ರೋಗಾಣುಗಳು ಬೆಳೆದು ಮನುಷ್ಯನಿಗೂ ಕಂಟಕವಾಗುತ್ತವೆ.

ಹುಮನಾಬಾದ ಪಟ್ಟಣದ ಹೊರವಲಯದಲ್ಲಿಯೂ ಬೀದರ ಬಳಿಯ ಕೊಳಾರದಲ್ಲಿಯೂ ರಾಸಾಯನಿಕ ಹಾಗೂ ಔಷಧ ತಯಾರಿಕೆಯ ಘಟಕಗಳಿವೆ. ದುರ್ವಾಸನೆಯ ಬಗೆಗೂ ಹಳ್ಳ ಬಾವಿಗಳು ಕೆಡುತ್ತಿರುವ ಬಗೆಗೂ ಸುತ್ತಲಿನ ಗ್ರಾಮಸ್ಥರು ದೂರುತ್ತ ಬಂದಿದ್ದಾರೆ. ಔಷಧವು ರೋಗಿಗೆ ಬೇಕು, ಉದ್ಯೋಗವು ಬಡವನಿಗೆ ಬೇಕು. ಇದನ್ನು ಯಾರೂ ಅಲ್ಲಗಳೆಯುವಂತಿಲ್ಲ. ಆದರೆ ಔಷಧ ಮಾಡುವ ಕಾರ್ಯವೇ ನೀರಿಗೆ ವಿಷ ಹಾಕುವ ಕಾರ್ಯವಾಗಬೇಕಾದ ಅನಿವಾರ್ಯತೆಯಿಲ್ಲ. 1974ರ ಜಲಮಾಲಿನ್ಯ ನಿಯಂತ್ರಣ ಕಾಯಿದೆ ಇದೆ, ತ್ಯಾಜ್ಯವನ್ನು ಶುದ್ಧಗೊಳಿಸಿ ಮರಳಿ ಬಳಸುವ ವಿಧಾನಗಳೂ ಇವೆ. ಅವುಗಳಿಗೆ ತಗಲುವ ವೆಚ್ಚವನ್ನು ಉಳಿಸುವುದೆಂದರೆ ಆ ವೆಚ್ಚವನ್ನು ಮೂಕಜೀವಿಗಳ ಮೇಲೆ ಹೊರಿಸುವುದು.

ಇಲ್ಲಿ ನಮ್ಮ ಕುಟುಂಬಗಳೂ ಬಸದಿಗಳ ಟ್ರಸ್ಟುಗಳೂ ಆತ್ಮಾವಲೋಕನ ಮಾಡಿಕೊಳ್ಳಬೇಕು. ನಮ್ಮ ಸಮಾಜವು ವಾಣಿಜ್ಯದಲ್ಲಿ ಮುಂದುವರಿದ ಸಮಾಜ. ನಾವು ಬಂಡವಾಳ ಹೂಡಿದ ಉದ್ಯಮದ ತ್ಯಾಜ್ಯವು ಎಲ್ಲಿಗೆ ಹೋಗುತ್ತಿದೆಯೆಂದು ಕೇಳಿದ್ದೇವೆಯೇ? ಪಂಚಕಲ್ಯಾಣ ಮಹೋತ್ಸವಕ್ಕೆ ಬಂದ ಕಾಣಿಕೆಯ ಮೂಲವನ್ನು ವಿಚಾರಿಸಿದ್ದೇವೆಯೇ? ಬಸದಿಯ ಜಮೀನನ್ನು ಗೇಣಿಗೆ ಕೊಡುವಾಗ, ಕೀಟನಾಶಕದ ಡಬ್ಬಿಗಳನ್ನು ಹಳ್ಳದಲ್ಲಿ ತೊಳೆಯಬಾರದೆಂಬ ಒಂದು ಮಾತನ್ನು ಕರಾರಿನಲ್ಲಿ ಸೇರಿಸುವುದು ಕಷ್ಟವೇ? ಬಸದಿಯ ಬಾವಿಯ ನೀರನ್ನು ವರ್ಷಕ್ಕೊಮ್ಮೆ ಪ್ರಯೋಗಾಲಯದಲ್ಲಿ ಪರೀಕ್ಷಿಸಿ, ಫಲಿತಾಂಶವನ್ನು ಊರಿನ ಎಲ್ಲರಿಗೂ ತಿಳಿಯುವಂತೆ ಪ್ರಕಟಿಸುವುದೂ ಒಂದು ಧರ್ಮಕಾರ್ಯವೇ.

ಕಲ್ಯಾಣದ ಅರಸರು ಅಳಿದರು. ಅವರ ಕಾಲದ ಜೀವಿಗಳ ಸಂತತಿಯು ಅಳಿದುಳಿದ ನೀರಿನಲ್ಲಿ ಇನ್ನೂ ಬಾಳುತ್ತಿದೆ. ಹಿರಿಯರು ನೀರನ್ನು ಕೊಡದ ಬಾಯಿಯಲ್ಲಿ ಸೋಸಿ ಅಹಿಂಸೆಯನ್ನು ಪಾಲಿಸಿದರು. ಆ ವ್ರತವು ನಮ್ಮ ಕಾಲದಲ್ಲಿಯೂ ಸಾರ್ಥಕವಾಗಬೇಕಾದರೆ ಸೋಸುವ ಎಚ್ಚರವು ಕೊಡದ ಬಾಯಿಂದ ಕಾರ್ಖಾನೆಯ ಕೊಳವೆಯ ಬಾಯಿಗೂ, ನಮ್ಮ ಲೆಕ್ಕದ ಪುಸ್ತಕಕ್ಕೂ ವಿಸ್ತರಿಸಬೇಕು.